ಬಿಚ್ಚಿ ಕಟ್ಟುವ ಕೈ

ಮೂವತ್ತೊಂದು ವರ್ಷಗಳಲ್ಲಿ ನನ್ನ ಕೈಯಿಂದ ಹೋದ ಒಂದೇ ಒಂದು ಗ್ರೈಂಡರೂ ವಾಪಸು ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಬೇಕಾದ ಮಾತುಗಳ ನಡುವೆ ಇದು ಎಲ್ಲಾದರೂ ಕಳೆದುಹೋದರೆ ಕಷ್ಟ. ನನ್ನ ಹೆಸರು ಮೌನಾಚಾರಿ. ಹೆಸರಿಟ್ಟವರಿಗೆ ನಾನು ಮುಂದೆ ಎಷ್ಟು ಮಾತಾಡುವವನೆಂದು ಗೊತ್ತಿರಲಿಲ್ಲ, ಅವರನ್ನು ಕ್ಷಮಿಸಿ. ಹಿಟ್ಟು ರುಬ್ಬುವ ಗ್ರೈಂಡರುಗಳನ್ನು ಜೋಡಿಸುವುದು ನನ್ನ ಕೆಲಸ. ನಾನು ಜೋಡಿಸಿದ ಗ್ರೈಂಡರಿನಲ್ಲಿ ರುಬ್ಬಿದ ಅಕ್ಕಿ ಎಷ್ಟು ನುಣ್ಣಗಿರುತ್ತದೆಂದರೆ, ಮದುಮಗನೊಬ್ಬ ಅದನ್ನು ಒಣಗಿಸಿ ಮುಖಕ್ಕೆ ಬಳಿದುಕೊಂಡು ಹಸೆಮಣೆ ಏರಿದ್ದ. ಆ ಮದುವೆಯ ಫೋಟೋಗಳಲ್ಲಿ ಅವನೊಬ್ಬನೇ ಕಾಣುತ್ತಾನೆ, ಮಿಕ್ಕವರೆಲ್ಲ ಅವನ ಹೊಳಪಿಗೆ ಅಳಿಸಿಹೋಗಿದ್ದಾರೆ. ಇನ್ನೊಂದು ಗ್ರೈಂಡರು ಪ್ರವಾಹದಲ್ಲಿ ಕೊಚ್ಚಿಕೊಂಡು ಮೂರು ಜಿಲ್ಲೆ ದಾಟಿ, ಮರಳದಿಬ್ಬದ ಮೇಲೆ ಸಿಕ್ಕಿದಾಗಲೂ ತಿರುಗುತ್ತಲೇ ಇತ್ತು. ಕರೆಂಟು ಎಲ್ಲಿಂದ ಬಂತೆಂದು ಕೇಳುವವರು ನನ್ನ ಕಥೆ ಕೇಳಲು ಯೋಗ್ಯರಲ್ಲ.

ವಾಪಸು ಬರುವುದೆಂದರೆ ನಮ್ಮೂರಲ್ಲಿ ಯಾರೋ ಹೊತ್ತು ತಂದು ಕೊಡುವುದಲ್ಲ. ಇಲ್ಲಿ ತಯಾರಾದ ವಸ್ತು ಎಲ್ಲೇ ಕೆಡಲಿ, ತನ್ನನ್ನು ಮಾಡಿದವರ ಮನೆ ಹುಡುಕಿಕೊಂಡು ತಾನೇ ಬಂದು ಜಗಲಿ ಹತ್ತಿ ಕೂರುತ್ತದೆ. ಚಿಲಕವಾದರೆ ಕಂಬಳಿಹುಳುವಿನ ಹಾಗೆ ತೆವಳಿಕೊಂಡು, ಕುರ್ಚಿಯಾದರೆ ಕುಂಟಿಕೊಂಡು, ಗ್ರೈಂಡರಾದರೆ ಮಗ್ಗುಲಾಗಿ ಉರುಳಿಕೊಂಡು ಬರುತ್ತದೆ. ಸುತ್ತಲಿನ ಊರುಗಳ ಬಸ್ ಕಂಡಕ್ಟರುಗಳು ಅವಕ್ಕೆ ಟಿಕೆಟ್ ಕೇಳುವುದಿಲ್ಲ. ಹಿಂದಿನ ಸೀಟಿನಲ್ಲಿ ಜಾಗ ಬಿಡಿಸಿಕೊಡುತ್ತಾರೆ. ಮಾಡಿದವರು ರಿಪೇರಿ ಮಾಡಿ ಕಳಿಸುವ ತನಕ ಅದು ಜಗಲಿ ಬಿಟ್ಟು ಇಳಿಯುವುದಿಲ್ಲ, ಬೀದಿಯಲ್ಲಿ ಹಾದುಹೋಗುವವರೆಲ್ಲ ನೋಡುತ್ತಾರೆ. ಹಾಗಾಗಿ ನಮ್ಮ ಹೆಂಗಸರು ರಂಗೋಲಿ ಹಾಕುವಾಗ ಮಧ್ಯೆ ಒಂದು ಗೇಣು ದಾರಿ ಬಿಡುತ್ತಾರೆ. ಕಾರ್ಖಾನೆಯಿಂದ ಲಾರಿ ಹೊರಡುವಾಗ ನಾವು ಸಾಮಾನುಗಳಿಗೆ ‘ಹೋಗಿ ಬನ್ನಿ’ ಎನ್ನುವುದಿಲ್ಲ. ‘ಹೋಗಿ, ಅಲ್ಲೇ ಚೆನ್ನಾಗಿರಿ’ ಎನ್ನುತ್ತೇವೆ. ಸಂಬಂಧ ಕೇಳಿಕೊಂಡು ಬರುವವರು ಜಾತಕ ನೋಡುವ ಮೊದಲು ಜಗಲಿ ನೋಡುತ್ತಾರೆ. ನನ್ನ ಜಗಲಿಯೋ, ಅಂಗೈಯಷ್ಟು ಖಾಲಿ. ಪರಊರಿನವರು ವ್ಯಾನು ಮಾಡಿಕೊಂಡು ಬಂದು ಅದನ್ನು ನೋಡಿ, ಮುಟ್ಟಿ, ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುವವನು ಪಾಲಾಕ್ಷಿ. ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ಚಿಕ್ಕವನು. ಅವನ ಜಗಲಿಯ ಮೇಲೆ ಯಾವತ್ತೂ ಎರಡೋ ಮೂರೋ ಗ್ರೈಂಡರುಗಳು ಕೂತಿರುತ್ತಿದ್ದವು. ಕೆಲವು ಅರ್ಧ ರುಬ್ಬಿದ ಹಿಟ್ಟಿನ ಸಮೇತ ಬರುತ್ತಿದ್ದವು. ಒಮ್ಮೆ ಉದ್ದಿನ ಹಿಟ್ಟು ತುಂಬಿಕೊಂಡು ಬಂದ ಗ್ರೈಂಡರಿನ ಹಿಂದೆಯೇ ಅದರ ಒಡತಿ ಸೌಟು ಹಿಡಿದು ಹದಿನಾಲ್ಕು ಮೈಲಿ ಓಡಿ ಬಂದಿದ್ದಳು. ಪಾಲಾಕ್ಷಿಯ ಹೆಂಡತಿ ಅವಳನ್ನು ಕೂರಿಸಿ, ಅದೇ ಹಿಟ್ಟಿನಲ್ಲಿ ವಡೆ ಕರಿದು, ಬೀದಿಗೆಲ್ಲ ಹಂಚಿ ಕಳಿಸಿದ್ದಳು. ನಾನು ಆ ವಡೆ ತಿನ್ನುತ್ತಾ, ‘ಪಾಲಾಕ್ಷಿ, ನಿನ್ನ ದಯದಿಂದ ನಮ್ಮ ಬೀದೀಲಿ ಯಾರೂ ಬೆಳಗ್ಗೆ ಒಲೆ ಹಚ್ಚಂಗಿಲ್ಲ ಬಿಡು’ ಎಂದಿದ್ದೆ. ಅವನು ನಕ್ಕಿದ್ದ. ಅವನ ಮಗಳನ್ನು ನೋಡಲು ಬಂದ ಎರಡು ಕಡೆಯವರು ಜಗಲಿಯಿಂದಲೇ ವಾಪಸು ಹೋಗಿದ್ದರು. ಆಗಲೂ ಅವನು ನಗಲು ನೋಡಿದ್ದ.

ಕಾರ್ಖಾನೆ ಶಾಂತವೀರಮ್ಮನವರದು. ನಮ್ಮ ಗ್ರೈಂಡರುಗಳ ಹೆಸರು ದೂರದೂರಿಗೆಲ್ಲ ಹಬ್ಬಿ, ಬೇಡಿಕೆ ಎಷ್ಟಾಯಿತೆಂದರೆ, ನಾವು ನಲವತ್ತು ಜನ ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತು ಕೂಡ ಬಿಟ್ಟು ಜೋಡಿಸಿದರೂ ಸಾಲದಾಯಿತು. ನಾನು ಮಾತು ಬಿಡಲಿಲ್ಲ, ಬೇರೆಯವರು ಬಿಟ್ಟರು. ಆಗ ಬಂದಳು ತಸ್ನೀಮ್, ನಮ್ಮಲ್ಲಿ ಲೇತ್ ಯಂತ್ರ ನಡೆಸುವ ಬಾಬುಜಾನನ ಮಗಳು. ಹೊರಗೆ ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ರೋಬೋಗಳಿಗೆ ಕೆಲಸ ಕಲಿಸಿ ಪಳಗಿದವಳು, ‘ಹೊರಗಿನೋರ ಗ್ರೈಂಡರ್ ಯಾಕೆ ಮಾಡ್ಲಿ, ನಮ್ಮೂರಿಂದೇ ಮಾಡ್ತೀನಿ’ ಎಂದು ಊರಿಗೆ ಬಂದುಬಿಟ್ಟಳು. ಜೊತೆಗೆ ಒಂದು ಲಾರಿಯಲ್ಲಿ ಬಂತು ಹಳದಿ ಬಣ್ಣದ ಒಂಟಿ ಕೈ. ಮೈಯಿಲ್ಲ, ತಲೆಯಿಲ್ಲ, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಬರೀ ಕೈ. ನಮ್ಮ ಬೆನ್ನು ಮುರಿಯುತ್ತಿದ್ದ ರುಬ್ಬುಗಲ್ಲುಗಳನ್ನು ಅದು ಬಾಳೆಹಣ್ಣಿನ ಹಾಗೆ ಎತ್ತಿಡುತ್ತಿತ್ತು. ಜನರಿಗೆ ಕಲ್ಲೆತ್ತುವುದು ತಪ್ಪಿತೆಂಬ ಖುಷಿ ಒಂದು ಕಡೆ, ಇನ್ನು ನಮ್ಮನ್ನೂ ಎತ್ತಿಡುತ್ತದೇನೋ ಎಂಬ ಅಳುಕು ಒಂದು ಕಡೆ.

‘ಯಾರನ್ನೂ ಕಳಿಸಲ್ಲ,’ ಎಂದು ಶಾಂತವೀರಮ್ಮನವರು ಎಲ್ಲರೆದುರು ಹೇಳಿದರು. ‘ಆದ್ರೆ ಒಂದ್ ಮಾತು. ಇದು ಮಾಡಿದ್ದು ವಾಪಸ್ ಬರಬಾರ್ದು. ಬಂದ್ರೆ ಊರಿನ್ ಮರ್ಯಾದೆ ಪ್ರಶ್ನೆ.’

‘ಅದಕ್ಕೇ ಆಂಟಿ, ಊರಿಗೇ ಒಳ್ಳೆ ಕೈ ಯಾವ್ದೋ ಅದನ್ನ ನೋಡಿ ಕಲಿಯುತ್ತೆ,’ ಎಂದ ತಸ್ನೀಮ್ ನೇರ ನನ್ನ ಬೆಂಚಿಗೆ ಬಂದಳು. ‘ಮಾಮಾ, ನಿಮ್ಮ ಕೈ ಬೇಕು.’

‘ಕೈ ಕೊಟ್ರೆ ನಾನು ಊಟ ಹೆಂಗ್ ಮಾಡ್ಲವ್ವ?’

‘ಒಂದೇ ದಿನ ಸಾಕು, ಸಂಜೆ ವಾಪಸ್ ಕೊಡ್ತೀನಿ,’ ಎಂದು ಅವಳು ಒಂದು ಕೈಗವಸು ತೆಗೆದಳು. ಅದರ ತುಂಬ ಅಕ್ಕಿಕಾಳಿನಷ್ಟು ಸೆನ್ಸರುಗಳು. ಅದನ್ನು ಹಾಕಿಕೊಂಡು ನಾನು ಒಂದು ಗ್ರೈಂಡರು ಜೋಡಿಸಿದರೆ, ಬೆರಳು ಎಷ್ಟು ಒತ್ತಿತು, ಮಣಿಕಟ್ಟು ಎಷ್ಟು ತಿರುಗಿತು, ಎಲ್ಲಿ ಎಷ್ಟು ಹೊತ್ತು ತಡೆಯಿತು ಎಲ್ಲವೂ ಆ ಹಳದಿ ಕೈಗೆ ಹೋಗಿ, ಅದು ಕೂದಲೆಳೆ ತಪ್ಪದ ಹಾಗೆ ಮಾಡುತ್ತದಂತೆ. ಜನ ಆಗಲೇ ಅದಕ್ಕೆ ಚಿಕ್ಕಾಚಾರಿ ಎಂದು ಹೆಸರಿಟ್ಟರು. ಹೆಸರು ಕೇಳಿ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಎರಡು ಗುಂಡಿ ಹಾರಿ ಒಂದು ಕಿಟಕಿಯ ಗಾಜು ಒಡೆಯಿತು.

ಕಲಿಸುವ ದಿನ ಒಂಬತ್ತು ಸಾವಿರ ಜನರ ಊರಿನಲ್ಲಿ ಹನ್ನೊಂದು ಸಾವಿರ ಜನ ಕಾರ್ಖಾನೆಗೆ ಬಂದಿದ್ದರು. ಹೆಂಚು ತೆಗೆದು ಇಣುಕಿದವರೂ ಇದ್ದರು. ನಾನು ಗಂಧ ಇಟ್ಟುಕೊಂಡು, ಮಡಿ ಪಂಚೆ ಉಟ್ಟು, ಕೈಗವಸು ತೊಟ್ಟು ನಿಂತೆ. ಗ್ರೈಂಡರು ಎಂದರೆ ಮೇಲೊಂದು ಪಾತ್ರೆ, ಒಳಗೆ ಕಲ್ಲು, ಕೆಳಗೆ ಮೋಟಾರು, ಎರಡನ್ನೂ ಸೇರಿಸುವ ಬೆಲ್ಟು. ಎಲ್ಲ ಜಾಣ್ಮೆ ಬೆಲ್ಟಿನಲ್ಲಿ. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ನಾಲ್ಕು ತಿಂಗಳಲ್ಲಿ ಬೇರಿಂಗು ತಿನ್ನುತ್ತದೆ. ನಾನು ಅವತ್ತು ಸ್ಪ್ಯಾನರನ್ನು ಗಾಳಿಯಲ್ಲಿ ತಿರುಗಿಸಿ ಹಿಡಿದು, ನಾಲ್ಕು ಬೋಲ್ಟುಗಳನ್ನು ನಾಲ್ಕು ಉಸಿರಿನಲ್ಲಿ ಬಿಗಿದು, ಬೆಲ್ಟನ್ನು ತಂಬೂರಿಯ ತಂತಿಯಂತೆ ಮೀಟಿ, ‘ಸಾ’ ಹಿಡಿದು ತೋರಿಸಿ, ಹನ್ನೊಂದು ನಿಮಿಷಕ್ಕೆ ಕೆಲಸ ಮುಗಿಸಿದೆ. ಚಪ್ಪಾಳೆಗೆ ಪಾರಿವಾಳಗಳೆಲ್ಲ ಎದ್ದು ಹೋಗಿ ಮೂರು ದಿನ ಊರಿಗೆ ಬರಲಿಲ್ಲ.

‘ಅಣ್ಣ, ಎಣ್ಣೆ ಕೋಣೆಗೆ ಒಯ್ಯಲ್ವಾ?’ ಎಂದು ಪಾಲಾಕ್ಷಿ ಕೂಗಿದ.

ಅದೊಂದು ಹೇಳಬೇಕು. ಪ್ರತಿ ಗ್ರೈಂಡರು ಮುಗಿದ ಮೇಲೆ ನಾನು ಅದನ್ನು ಹಿಂದಿನ ಎಣ್ಣೆ ಕೋಣೆಗೆ ಒಯ್ದು, ಪರದೆ ಎಳೆದುಕೊಂಡು, ಸ್ವಲ್ಪ ಹೊತ್ತಿದ್ದು ಬರುತ್ತಿದ್ದೆ. ಒಳಗೆ ಮಂತ್ರ ಹಾಕುತ್ತೇನೆಂದು ಊರವರು ನಂಬಿದ್ದರು. ನಾನು ಹೌದೆಂದಿರಲಿಲ್ಲ. ಅಲ್ಲವೆಂದೂ ಅಂದಿರಲಿಲ್ಲ.

‘ಮಂತ್ರ ಯಂತ್ರಕ್ಕೆ ಹೇಳಿಕೊಡೋ ವಸ್ತುವೇನೋ?’ ಎಂದೆ. ಎಲ್ಲರೂ ನಕ್ಕರು. ತಸ್ನೀಮ್ ನನ್ನ ಕೈಯಿಂದ ಕೈಗವಸು ಬಿಚ್ಚಿಕೊಂಡಳು.

ಮರುದಿನದಿಂದ ಚಿಕ್ಕಾಚಾರಿ ಶುರುವಿಟ್ಟಿತು. ಅದು ಕೆಲಸ ಮಾಡುವುದನ್ನು ನೋಡಬೇಕಿತ್ತು ನೀವು! ನನ್ನದೇ ಗತ್ತು, ನನ್ನದೇ ಮಣಿಕಟ್ಟಿನ ತಿರುವು, ಸ್ಪ್ಯಾನರು ತಿರುಗಿಸಿ ಹಿಡಿಯುವ ಚಮತ್ಕಾರವೂ ನನ್ನದೇ. ಹನ್ನೊಂದು ನಿಮಿಷಕ್ಕೊಂದು ಗ್ರೈಂಡರು. ಲಾರಿಗಳು ತುಂಬಿ ತುಂಬಿ ಹೋದವು. ಸೂರ್ಯ ಒಂದೆರಡು ದಿನ ನಮ್ಮ ವೇಗಕ್ಕೆ ಹೊಂದಿಕೊಳ್ಳಲಾರದೆ ತಡವಾಗಿ ಮುಳುಗಿದ. ನಲವತ್ತು ಜನರಲ್ಲಿ ಯಾರೂ ಕೆಲಸ ಕಳೆದುಕೊಂಡು ಮನೆಗೆ ಹೋಗಲಿಲ್ಲ. ಕೆಲವರು ಬಣ್ಣಕ್ಕೆ, ಕೆಲವರು ಪರೀಕ್ಷೆಗೆ, ಕೆಲವರು ಕಲ್ಲು ಕೆತ್ತನೆಗೆ ಹೋದರು. ಊರು ತಸ್ನೀಮಳನ್ನು ಹೊಗಳಿತು. ನಾನು ನನ್ನನ್ನು ಹೊಗಳಿಕೊಂಡೆ. ಹಾಗೆ ನಾಲ್ಕು ತಿಂಗಳು.

ಐದನೆಯ ತಿಂಗಳಿನ ಮೊದಲ ಸೋಮವಾರ ಬೆಳಗ್ಗೆ ಮೊದಲನೆಯದು ಬಂತು. ಹಳದಿ ಪಟ್ಟಿಯ ಗ್ರೈಂಡರು, ಚಿಕ್ಕಾಚಾರಿ ಜೋಡಿಸಿದ್ದು. ಬೇರಿಂಗು ಕಿರುಗುಟ್ಟಿಸಿಕೊಂಡು ಉರುಳುತ್ತಾ ಬಂದು ಕಾರ್ಖಾನೆಯ ಗೇಟಿನ ಮುಂದೆ ನಿಂತು, ಒಳಗೆ ಹೋಗಲಿಲ್ಲ. ಶಾಂತವೀರಮ್ಮನವರ ಮನೆಯ ಮುಂದೆ ನಿಂತು, ಹತ್ತಲಿಲ್ಲ. ತಸ್ನೀಮಳ ಮನೆಯ ಮುಂದೆ ಬಹಳ ಹೊತ್ತು ನಿಂತಿತು. ಅವಳು ಜಗಲಿಯಿಂದ ಇಳಿದು ಬಂದು, ‘ಬಾ, ನಂದೇ ನೀನು, ಬಾ’ ಎಂದು ಕರೆದಳು. ಅದು ಹತ್ತಲಿಲ್ಲ. ಕೊನೆಗೆ ಗಡಿಯಾರ ಕಂಬದ ಸರ್ಕಲ್ಲಿಗೆ ಹೋಗಿ ಕಂಬವನ್ನು ಸುತ್ತತೊಡಗಿತು.

ಇಂಥದ್ದು ನಮ್ಮೂರು ಕಂಡಿರಲಿಲ್ಲ. ಕೆಟ್ಟಿದ್ದು ಬರುವುದು ನಮಗೆ ಅಭ್ಯಾಸ. ಆದರೆ ಕೆಟ್ಟಿದ್ದಕ್ಕೆ ಮನೆಯಿಲ್ಲದಿರುವುದು! ಶನಿವಾರದ ಹೊತ್ತಿಗೆ ಹತ್ತೊಂಬತ್ತಾದವು. ಎಲ್ಲವೂ ಒಂದರ ಹಿಂದೊಂದು ಕಂಬ ಸುತ್ತುತ್ತಿದ್ದವು. ಬಸ್ಸುಗಳು ಅವುಗಳಿಗಾಗಿ ನಿಂತವು. ಸೊಪ್ಪಿನವರು ಬುಟ್ಟಿಗಳನ್ನು ಒಳಗೆಳೆದುಕೊಂಡರು. ಹೂ ಮಾರುವ ಚೌಡಮ್ಮಜ್ಜಿ ಪ್ರತಿಯೊಂದಕ್ಕೂ ಒಂದು ಮಾರು ಹೂ ಸುತ್ತಿ, ‘ಯಾರ್ ಮನೇವೋ ಏನೋ, ಹಿಂಗ್ ಅಲೀತಾವಲ್ಲ’ ಎಂದು ಕಣ್ಣೊರೆಸಿಕೊಂಡಳು. ಊರಿಗೆ ಊಟ ಸೇರಲಿಲ್ಲ. ನಾನೂ ಅವತ್ತು ಎಂಟೇ ಮುದ್ದೆ ಉಂಡಿದ್ದು.

ಶಾಂತವೀರಮ್ಮನವರು ಎಲ್ಲರನ್ನೂ ಅಂಗಳಕ್ಕೆ ಕರೆದರು. ‘ಯಾರ್ದು ಅಂತ ಇಲ್ದೇ ಇರೋ ಸಾಮಾನನ್ನ ನಾನು ಈ ಊರಿಂದ ಕಳಿಸೋಕಾಗಲ್ಲ,’ ಎಂದರು. ‘ಶುಕ್ರವಾರದವರೆಗೂ ನೋಡ್ತೀನಿ. ಅವು ಯಾರ ಜಗಲೀನಾದ್ರೂ ಹತ್ತಿದ್ರೆ ಸರಿ. ಇಲ್ದಿದ್ರೆ ಈ ಕೈ ಬಿಚ್ಚಿ ವಾಪಸ್ ಕಳಿಸೋದೇ. ತಸ್ನೀಮ್, ಬೇಜಾರ್ ಮಾಡ್ಕೋಬೇಡಮ್ಮ.’

‘ಕೈ ಹೋದ್ಮೇಲೆ ನಾನಿಲ್ಲಿ ಇದ್ದೇನ್ ಮಾಡ್ಲಿ ಆಂಟಿ,’ ಎಂದಳು ಅವಳು. ಅಷ್ಟೇ. ಅವಳ ಅಪ್ಪ ಬಾಬುಜಾನ್ ಲೇತಿನ ಚಕ್ರದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ. ಮಗಳು ಊರಿಗೆ ಬಂದಳೆಂದು ಅವನು ನಾಲ್ಕು ತಿಂಗಳ ಹಿಂದೆ ಕಾರ್ಖಾನೆಗೆಲ್ಲ ಶೀರ್‌ಕುರ್ಮಾ ಕುಡಿಸಿದ್ದ. ನನಗೇ ಆರು ಲೋಟ.

ಅವಳು ಸೋಲುವ ಹುಡುಗಿಯಲ್ಲ. ಲ್ಯಾಪ್‌ಟಾಪು ಹಿಡಿದು ಸರ್ಕಲ್ಲಿನಲ್ಲೇ ಕೂತಳು. ಸುತ್ತುವ ಗ್ರೈಂಡರುಗಳಿಗೆ ಸೆನ್ಸರು ಅಂಟಿಸಿ, ಅವುಗಳ ಜೊತೆಗೇ ನಡೆಯುತ್ತಾ ಅಳೆದಳು. ಬುಧವಾರ ನನ್ನ ಬೆಂಚಿಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ‘ಮಾಮಾ, ಎಲ್ಲದರಲ್ಲೂ ಒಂದೇ ತೊಂದರೆ. ಬೆಲ್ಟು ಬಿಗಿ. ಆದ್ರೆ ನೀವು ಅವತ್ತು ಎಷ್ಟು ಬಿಗಿದ್ರೋ ಅಷ್ಟೇ ಇದೆ, ಒಂದು ಎಳೆ ಹೆಚ್ಚಿಲ್ಲ. ನಿಮ್ಮದು ಬರಲ್ಲ, ಅದರದ್ದು ಬರುತ್ತೆ. ನಾನೆಲ್ಲಿ ತಪ್ಪಿದೀನಿ ಹೇಳಿ ಮಾಮಾ.’

ನನಗೆ ಗೊತ್ತಿತ್ತು. ಅವಳು ‘ಬಿಗಿ’ ಎಂದಾಗಲೇ ಗೊತ್ತಾಗಿತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಪಕ್ಕದ ಬೆಂಚಿನಲ್ಲಿ ಪಾಲಾಕ್ಷಿ ಕೂತಿದ್ದ, ಅದರಾಚೆ ಮೂವತ್ತೆಂಟು ಜನ ಕಿವಿ ನಿಮಿರಿಸಿದ್ದರು. ‘ಮಂತ್ರ ಬೇಕಾಗ್ತದೆ ಕಣವ್ವ,’ ಎಂದೆ. ಅವಳು ತಲೆಯಾಡಿಸಿ ಹೋದಳು. ಇಂಥ ಸುಳ್ಳನ್ನು ಹೇಳಿಯೂ ನಾನು ಸರಿಯಾಗಿ ಉಸಿರಾಡುತ್ತಿದ್ದೆನೆಂದರೆ ನನ್ನ ಗುಂಡಿಗೆ ಎಷ್ಟು ಗಟ್ಟಿ ನೋಡಿ.

ಗುರುವಾರ ಬೆಳಕು ಹರಿಯುವಾಗ ಹೊರಗೆ ಕಿರ್ರ್ ಎಂಬ ಸದ್ದಾಯಿತು. ಬಾಗಿಲು ತೆಗೆದರೆ, ಹೂವಿನ ಮಾಲೆ ಸುತ್ತಿಕೊಂಡ ಒಂದು ಗ್ರೈಂಡರು ನನ್ನ ಜಗಲಿಯ ಮೆಟ್ಟಿಲ ಮುಂದೆ ನಿಂತಿದೆ. ಹತ್ತಿಲ್ಲ, ಹೋಗಿಯೂ ಇಲ್ಲ. ಮೆಟ್ಟಿಲಿಗೆ ಮೈ ತಾಗಿಸಿ, ಗುರುತು ಹಿಡಿಯಲು ನೋಡುತ್ತಿರುವ ಹಾಗೆ ಆ ಕಡೆ ಈ ಕಡೆ ಆಡುತ್ತಿದೆ. ನಾನು ಸುತ್ತ ನೋಡಿ, ಪೊರಕೆ ತಂದು, ‘ಹೋಗು, ಹೋಗು, ಇಲ್ಲಲ್ಲ’ ಎಂದು ಅದರ ಬೆನ್ನಿಗೆ ಚುಚ್ಚಿ ರಸ್ತೆಗೆ ತಳ್ಳಿದೆ. ತಿರುಗಿ ನೋಡಿದರೆ ರಂಗೋಲಿ ಡಬ್ಬಿ ಹಿಡಿದು ಸರ್ವಮಂಗಳ ನಿಂತಿದ್ದಾಳೆ. ನನ್ನ ಹೆಂಡತಿ. ಊರಿನಲ್ಲಿ ನಾನು ಹೆದರುವ ಒಂದೇ ವ್ಯಕ್ತಿ. ಹುಲಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

‘ಬಾಗಿಲಿಗೆ ಬಂದಿದ್ದನ್ನ ಹಿಂಗಾ ಅಟ್ಟೋದು?’ ಎಂದಳು.

‘ನಮ್ದಲ್ಲ ಕಣೆ ಅದು. ಯಂತ್ರದ್ದು.’

‘ನಿಮ್ದಲ್ದಿದ್ರೆ ಪೊರಕೆ ಯಾಕ್ ತಗಂಡ್ರಿ? ಅದರ ಪಾಡಿಗೆ ಅದು ಹೋಗ್ತಿತ್ತು.’ ಅವಳು ಬಗ್ಗಿ ಚುಕ್ಕಿ ಇಡುತ್ತಾ ಮುಂದುವರಿಸಿದಳು. ‘ಮೂವತ್ತೊಂದು ವರ್ಷದಿಂದ ನಿಮ್ಮ ಅಂಗಿ ಒಗೀತಿರೋಳು ನಾನು. ಒಂದ್ ಸಲ ಬೆಲ್ಟು ಕಟ್ಟಿದ್ರೆ ತೋಳಿಗೆ ಅಷ್ಟು ಮಸಿ ಆಗಲ್ಲ. ಆ ಕೋಣೇಲಿ ಏನ್ ಮಾಡ್ತೀರೋ ನನಗ್ ಗೊತ್ತು. ಊರಿಗೆ ಹೇಳದೇ ಇದ್ದಿದ್ದು ನಿಮ್ಮ ಮರ್ಯಾದೆಗೆ. ಈಗ ಆ ಹುಡುಗಿ ಗಂಟುಮೂಟೆ ಕಟ್ತಾವ್ಳೆ. ಅವಳ ಮರ್ಯಾದೆಗೆ ಯಾರ್ರೀ ಇರೋದು?’

ನಾನು ಎಂಥ ಮಾತುಗಾರನೆಂದು ಊರಿಗೇ ಗೊತ್ತು. ಅವತ್ತು ಮಾತ್ರ ಪೊರಕೆಯನ್ನು ಮೂಲೆಗಿಡಲು ಅರ್ಧ ಗಂಟೆ ಬೇಕಾಯಿತು.

ಶುಕ್ರವಾರ ಬೆಳಗ್ಗೆ ಕಾರ್ಖಾನೆಗೆ ಹೋದಾಗ ಪಾಲಾಕ್ಷಿ ದೊಡ್ಡ ಸ್ಪ್ಯಾನರು ಹಿಡಿದು ಚಿಕ್ಕಾಚಾರಿಯ ಬುಡದ ಬೋಲ್ಟುಗಳನ್ನು ಬಿಚ್ಚುತ್ತಿದ್ದ. ಎರಡು ಆಗಲೇ ಹೊರಬಂದಿದ್ದವು. ತಸ್ನೀಮ್ ವೈರುಗಳನ್ನು ಸುತ್ತಿಡುತ್ತಿದ್ದಳು. ಎಲ್ಲರೂ ಸುತ್ತ ನಿಂತಿದ್ದರು, ಸಾವಿನ ಮನೆಯ ಹಾಗೆ.

‘ನಿಲ್ಸೋ ಪಾಲಾಕ್ಷಿ,’ ಎಂದೆ. ನನ್ನ ದನಿ ಎಷ್ಟು ಜೋರಿತ್ತೆಂದರೆ ಪಕ್ಕದ ಊರಿನಲ್ಲಿಯೂ ಯಾರೋ ಏನನ್ನೋ ನಿಲ್ಲಿಸಿದರಂತೆ. ‘ಅದರದ್ದೇನೂ ತಪ್ಪಿಲ್ಲ. ತಸ್ನೀಮಂದೂ ತಪ್ಪಿಲ್ಲ. ನಾನು ತೋರಿಸಿದ್ದೇ ಅರ್ಧ.’

‘ಇನ್ನರ್ಧ ಮಂತ್ರ ತಾನೆ ಆಚಾರ್ರೇ?’ ಎಂದರು ಶಾಂತವೀರಮ್ಮನವರು.

‘ಮಂತ್ರವೂ ಇಲ್ಲ, ಮಣ್ಣೂ ಇಲ್ಲ ಅಮ್ಮಾವ್ರೇ. ಕೇಳಿ ಎಲ್ರೂ. ಈ ಭೂಮಂಡಲದಲ್ಲಿ ನನ್ನಷ್ಟು ತಪ್ಪಾಗಿ ಬೆಲ್ಟು ಕಟ್ಟೋನು ಇನ್ನೊಬ್ಬ ಹುಟ್ಟಿಲ್ಲ. ಮೊದಲ್ನೇ ಸಲ ನನ್ನ ಕೈ ಯಾವತ್ತೂ ಬಿಗಿ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಸಲಾನೂ ಮೊದಲ್ನೇ ಸಲಕ್ಕೆ ಸರಿ ಬಂದಿಲ್ಲ. ಪರದೆ ಹಿಂದೆ ಒಂದು ಹಿಡಿ ನೆಂದ ಅಕ್ಕಿ ಹಾಕಿ ತಿರುಗಿಸ್ತೀನಿ, ನಾಲ್ಕೂ ಬೋಲ್ಟು ಬಿಚ್ತೀನಿ, ಬೆಲ್ಟು ತಣ್ಣಗಾಗೋವರೆಗೂ ಕಾಯ್ತೀನಿ, ಒಂಚೂರು ಸಡಿಲ ಬಿಟ್ಟು ಮತ್ತೆ ಕಟ್ತೀನಿ. ಅಷ್ಟೇ. ಅವತ್ತು ಅಷ್ಟು ಜನದ ಮುಂದೆ ಕಟ್ಟಿದ್ದನ್ನ ಬಿಚ್ಚೋಕೆ ನಾಚಿಕೆ ಆಯ್ತು.’

ತಸ್ನೀಮ್ ವೈರಿನ ಸುರುಳಿ ಹಿಡಿದೇ ಕೂತಳು. ಬೈಯುತ್ತಾಳೆಂದುಕೊಂಡೆ. ‘ಎಷ್ಟು ಹೊತ್ತು ಕಾಯ್ತೀರ ಮಾಮಾ?’ ಎಂದಳು.

ಠಣ್ ಎಂದು ಪಾಲಾಕ್ಷಿಯ ಕೈಯ ಸ್ಪ್ಯಾನರು ಕೆಳಗೆ ಬಿತ್ತು. ಅವನು ನಗುತ್ತಿದ್ದಾನೆಂದುಕೊಂಡೆ, ಯಾವಾಗಲೂ ನಗುವವನಲ್ಲವೇ. ನಗುತ್ತಿರಲಿಲ್ಲ. ‘ಬಿಚ್ಚಬೋದಿತ್ತಾ?’ ಎಂದ. ‘ಅಣ್ಣ, ಕಟ್ಟಿದ್ಮೇಲೆ ಬಿಚ್ಚಬೋದಿತ್ತಾ? ನನಗೂ ಬಿಗಿ ಅನ್ಸೋದು. ದಿನಾ ಅನ್ಸೋದು. ಪಕ್ಕದಲ್ಲಿ ನೀನು ಒಂದೇ ಏಟಿಗೆ ಕಟ್ಟಿ ಎದ್ದು ಹೋಗ್ತಿದ್ದೆ. ಕಸುಬುದಾರ ಅಂದ್ರೆ ಹಂಗಿರ್ಬೇಕು, ನಾನು ಬಿಚ್ಚಿದ್ರೆ ಎಲ್ರೂ ನಗ್ತಾರೆ ಅಂತ ಹಂಗೇ ಕಳಿಸ್ತಿದ್ದೆ. ಹದಿನೆಂಟು ವರ್ಷ ಅಣ್ಣ!’

ನನಗೆ ಅವನ ಮನೆಯ ವಡೆ ನೆನಪಾಯಿತು. ಜಗಲಿಯಿಂದಲೇ ವಾಪಸು ಹೋದ ಹುಡುಗನ ಕಡೆಯವರು ನೆನಪಾದರು. ನಾನು ಜೀವಮಾನದಲ್ಲಿ ಆಡಿದ ಮಾತುಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಯನ್ನು ನಲವತ್ತು ಸುತ್ತು ಸುತ್ತಬಹುದು. ಅವುಗಳಲ್ಲಿ ಅವನಿಗೆ ಹೇಳಲು ಒಂದೂ ಸಿಗಲಿಲ್ಲ. ‘ತಪ್ಪಾಯ್ತು ಪಾಲಾಕ್ಷಿ’ ಎಂದೆ. ಸಣ್ಣ ಮಾತು. ಅವನು ಹೊರಗೆ ಹೋದ.

ಅಷ್ಟರಲ್ಲಿ ಸರ್ಕಲ್ಲಿನ ಕಡೆಯಿಂದ ಗುಡುಗಿನಂಥ ಸದ್ದು. ಎಲ್ಲರೂ ಓಡಿದೆವು. ಗ್ರೈಂಡರುಗಳು ಗಡಿಯಾರ ಕಂಬ ಬಿಟ್ಟು ಹೊರಟಿದ್ದವು. ಅಷ್ಟೊತ್ತಿಗೆ ಇಪ್ಪತ್ತಮೂರು ಆಗಿದ್ದವು. ಸಾಲು ತಪ್ಪದೆ, ಮಾಲೆಗಳು ಮಣ್ಣಲ್ಲಿ ಎಳೆಯುತ್ತಾ, ಸಂತೆಬೀದಿ ದಾಟಿ, ನಮ್ಮ ಬೀದಿಗೆ ತಿರುಗಿ, ನನ್ನ ಮನೆಯ ಮೆಟ್ಟಿಲು ಒಂದೊಂದಾಗಿ ಹತ್ತಿದವು. ಸರ್ವಮಂಗಳ ಬಾಗಿಲಲ್ಲಿ ನಿಂತು, ಮದುವೆಗೆ ಬಂದವರನ್ನು ಕೂರಿಸುವ ಹಾಗೆ, ‘ಒಳಗೊಳಗೆ ಸರೀರಿ, ಹಿಂದಿನೋರಿಗೆ ಜಾಗ ಬಿಡಿ’ ಎನ್ನುತ್ತಿದ್ದಳು. ಜಗಲಿ ತುಂಬಿತು. ನಡುಮನೆ ತುಂಬಿತು. ಕೊನೆಯದು ತುಳಸಿಕಟ್ಟೆಯ ಪಕ್ಕ ಕೂತಿತು. ಇಡೀ ಊರು ಎದುರಿಗೆ ನಿಂತು ನೋಡುತ್ತಿತ್ತು. ಒಂದೇ ದಿನ ಇಪ್ಪತ್ತಮೂರು! ನಮ್ಮೂರಿನಲ್ಲಿ ಯಾರ ಅಪ್ಪನ ಕಾಲದಲ್ಲಾದರೂ ಆಗಿದೆಯೇ? ದಾಖಲೆ ನನ್ನದೇ, ಇಂದಿಗೂ ಮುರಿದವರಿಲ್ಲ. ಚೌಡಮ್ಮಜ್ಜಿ ಮಾತ್ರ ‘ಸದ್ಯ, ಮನೆ ಸೇರಿದ್ವಲ್ಲ’ ಎಂದು ಎರಡೂ ಕೈಯಿಂದ ನೆಟಿಗೆ ತೆಗೆದಳು.

ಮಧ್ಯಾಹ್ನ ನಾನು ಒಬ್ಬನೇ ಕೂತು ಮೊದಲನೆಯದನ್ನು ಬಿಚ್ಚುತ್ತಿದ್ದಾಗ ಜಗಲಿಯ ತುದಿಯಲ್ಲಿ ನೆರಳು ಬಿತ್ತು. ಪಾಲಾಕ್ಷಿ. ಮುಖ ಇನ್ನೂ ಗಂಟೇ. ಒಂದು ಗ್ರೈಂಡರನ್ನು ಎಳೆದು ಎದುರಿಗಿಟ್ಟುಕೊಂಡು, ‘ಎಷ್ಟು ಸಡಿಲ ಬಿಡಬೇಕು, ತೋರ್ಸು’ ಎಂದ. ತೋರಿಸಿದೆ. ಒಂದು ತಾಸು ಬಿಚ್ಚಿದೆವು, ಕಟ್ಟಿದೆವು. ಆಮೇಲೆ, ‘ನೀನು ಎರಡ್ನೇ ಸಲಾನೂ ಒಂಚೂರು ಬಿಗೀನೇ ಬಿಡ್ತೀಯ, ಗೊತ್ತಾ?’ ಎಂದ. ಅವನ ಕಿವಿ ನನ್ನದಕ್ಕಿಂತ ಸೂಕ್ಷ್ಮ. ಹೀಗೆಂದು ನಾನು ಎಲ್ಲಿಯೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ ಅಷ್ಟೇ.

ಸೋಮವಾರ ಮತ್ತೆ ಕೈಗವಸು. ಈ ಸಲ ಪರದೆಯಿಲ್ಲ, ಸ್ಪ್ಯಾನರು ಗಾಳಿಯಲ್ಲಿ ತಿರುಗಿಸಲಿಲ್ಲ. ಊರೆಲ್ಲ ನೋಡುತ್ತಿರುವಾಗಲೇ ಕಟ್ಟಿದೆ, ಅಕ್ಕಿ ಹಾಕಿ ತಿರುಗಿಸಿದೆ, ಬಿಚ್ಚಿದೆ. ಬಿಚ್ಚುವಾಗ ಬೆರಳು ನಡುಗಿದ್ದೂ ಸೆನ್ಸರಿಗೆ ಹೋಗಿರಬೇಕು. ಚಿಕ್ಕಾಚಾರಿ ಇಂದಿಗೂ ಅಲ್ಲಿ ಒಂದಿಷ್ಟು ನಡುಗುತ್ತದೆ, ತಸ್ನೀಮ್ ಅದನ್ನು ತೆಗೆದಿಲ್ಲ. ನನ್ನ ನಂತರ ಅವಳು ಕೈಗವಸನ್ನು ಪಾಲಾಕ್ಷಿಗೆ ತೊಡಿಸಿದಳು. ಆಮೇಲೆ ಗ್ರೈಂಡರಿನ ಕಂಪನ ಕೇಳಿಸಿಕೊಳ್ಳುವ ಒಂದು ಕಿವಿಯನ್ನೂ ಆ ಕೈಗೆ ಜೋಡಿಸಿದಳು. ಅದಕ್ಕೆ ಪಾಠ ಹೇಳಿದವನು ಪಾಲಾಕ್ಷಿ. ‘ಇದು ಸರಿ, ಇದು ಬಿಗಿ, ಇದು ಸುಳ್ಳು ಸರಿ’ ಎಂದು ಸಾವಿರಾರು ಸಲ ಹೇಳಿ ಹೇಳಿ ಅವನ ಗಂಟಲು ಕಟ್ಟಿತು. ಈಗ ಕಾರ್ಖಾನೆಯಲ್ಲಿ ಅಂಥ ಆರು ಕೈಗಳಿವೆ, ಅವುಗಳಿಗೆಲ್ಲ ಅವನೇ ಮೇಸ್ತ್ರಿ. ನಲವತ್ತು ಜನರೂ ನಾಚಿಕೆಯಿಲ್ಲದೆ ಬಿಚ್ಚುತ್ತಾರೆ, ಎದ್ದು ನಿಂತು ‘ನಂದು ಬಿಗಿಯಾಗೈತೆ, ಯಾರಾದ್ರೂ ನೋಡ್ರಪ್ಪ’ ಎಂದು ಕೂಗುತ್ತಾರೆ. ಹೊರಗಿನಿಂದ ಸೂಟು ತೊಟ್ಟವರು ಬಂದಿದ್ದರು. ಒಂದು ಗ್ರೈಂಡರಿಗೆ ಹನ್ನೊಂದು ನಿಮಿಷದ ಬದಲು ಇಪ್ಪತ್ತಾರು ನಿಮಿಷ ಏಕೆ, ಕಟ್ಟಿದ್ದನ್ನು ಬಿಚ್ಚುವ ಯಂತ್ರ ಜಗತ್ತಿನಲ್ಲಿ ಎಲ್ಲಾದರೂ ಉಂಟೇ ಎಂದು ಕೇಳಿದರು. ತಸ್ನೀಮ್ ಅವರನ್ನು ಕರೆದುಕೊಂಡು ಹೋಗಿ ಪಾಲಾಕ್ಷಿಯ ಜಗಲಿ ತೋರಿಸಿದಳು. ಅಲ್ಲಿ ಅವನ ಅಳಿಯ ಕೂತು ಪೇಪರು ಓದುತ್ತಿದ್ದ.

ಮೊನ್ನೆ ಒಂದು ಸಂಗತಿ ನಡೆಯಿತು. ಚಿಕ್ಕಾಚಾರಿ ಒಂದು ಗ್ರೈಂಡರನ್ನು ಕಟ್ಟಿ, ಕೇಳಿ, ಬಿಚ್ಚಿ, ಕಾದು, ಮತ್ತೆ ಕಟ್ಟಿತು. ನನ್ನ ಕಿವಿಗೆ ಅದು ಅಪ್ಪಟ ಚಿನ್ನ. ಪಾಲಾಕ್ಷಿಯೂ ತಲೆಯಾಡಿಸಿದ. ಚಿಕ್ಕಾಚಾರಿ ಮಾತ್ರ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಎರಡನೆಯ ಸಲ ಬಿಚ್ಚತೊಡಗಿತು. ಎರಡನೆಯ ಸಲ! ಹಾಗೆ ನಾನು ಯಾವತ್ತೂ ಬಿಚ್ಚಿದವನಲ್ಲ, ಪಾಲಾಕ್ಷಿಯೂ ಅಲ್ಲ, ಯಾರೂ ಅದಕ್ಕೆ ತೋರಿಸಿದ್ದಲ್ಲ. ಕಾರ್ಖಾನೆಯೆಲ್ಲ ಕೆಲಸ ನಿಲ್ಲಿಸಿ ನೋಡಿತು. ಕಟ್ಟಿ ಮುಗಿದ ಮೇಲೆ ಪಾಲಾಕ್ಷಿ ಪಾತ್ರೆಗೆ ಕಿವಿಯಿಟ್ಟು ಕೇಳಿ, ಬಹಳ ಹೊತ್ತಿನ ಮೇಲೆ ಎದ್ದು ಕಣ್ಣೊರೆಸಿಕೊಂಡ.

‘ಮಾಮಾ, ಇದು ಯಾರಿಂದ ಕಲೀತು?’ ಎಂದು ತಸ್ನೀಮ್ ಪಿಸುಗುಟ್ಟಿದಳು.

‘ಯಾರಿಂದ ಅಂದ್ರೆ? ನನ್ನಿಂದ!’ ಎಂದೆ, ಊರಿಗೆಲ್ಲ ಕೇಳುವ ಹಾಗೆ.